ನಾನು ಬರೆದ ‘ಬಲ್ಲದು’

೨೦೦೧ರಲ್ಲಿ ನಾನು ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ಆಗ ನನಗೆ ನಲವತ್ತೇಳು ವರ್ಷ, ಆ ಕೆಲಸಕ್ಕೆ ಸೇರಿ ಇಪ್ಪತ್ತೊಂದು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದು, ಅದನ್ನು ಒಂದು ಕಟ್ಟಡದ ತಲೆಗೆ ಕಟ್ಟಿ ಜಾರಿಕೊಳ್ಳುವ ಮನಸ್ಸಿಲ್ಲ. ಹಾಗಂತ ಉಳಿದವರ ತಪ್ಪನ್ನು ಬಿಟ್ಟುಬಿಡುತ್ತೇನೆ ಎಂದುಕೊಳ್ಳಬೇಡಿ. ನನಗೆ ಸಿಟ್ಟು ಬೇಗ ಬರುತ್ತದೆ, ತಡವಾಗಿ ಹೋಗುತ್ತದೆ. ಈ ವಿಷಯದಲ್ಲಂತೂ ಇನ್ನೂ ಹೋಗಿಲ್ಲ.

ನಮ್ಮ ಕೆಲಸ ಏನಿತ್ತು ಎಂಬುದನ್ನು ಮೊದಲು ಹೇಳಬೇಕು. ಮಿದುಳು ದೇಹದಲ್ಲಿ ಎಲ್ಲಕ್ಕಿಂತ ಹೊಟ್ಟೆಬಾಕ ಅಂಗ. ತೂಕದಲ್ಲಿ ಸಣ್ಣದು, ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಒಲೆ ಉರಿಯುವಲ್ಲಿ ಕಿಡಿ ಹಾರುವ ಹಾಗೆ, ಆಮ್ಲಜನಕ ಖರ್ಚಾಗುವಲ್ಲಿ ಫ್ರೀ ರಾಡಿಕಲ್ ಎಂಬ ಪುಂಡ ಅಣುಗಳು ಹುಟ್ಟುತ್ತವೆ. ಇವು ಕೋಶದ ಪೊರೆಯನ್ನು, ಒಳಗಿನ ಪ್ರೋಟೀನನ್ನು ಕಚ್ಚಿ ಹಾಳು ಮಾಡುತ್ತವೆ. ಅವುಗಳನ್ನು ಹಿಡಿದು ತಣ್ಣಗೆ ಮಾಡುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ಕೆಲವನ್ನು ದೇಹವೇ ಮಾಡಿಕೊಳ್ಳುತ್ತದೆ, ವಿಟಮಿನ್ ಇ, ವಿಟಮಿನ್ ಸಿ ಮುಂತಾದವು ಊಟದಿಂದ ಬರುತ್ತವೆ.

ಮ್ಯಾಂಗನೀಸ್ ಎಂಬ ಲೋಹ ದೇಹಕ್ಕೆ ಚಿಟಿಕೆಯಷ್ಟು ಬೇಕು. ಆದರೆ ಅದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಅದು ಮಿದುಳಿನ ಆಳದಲ್ಲಿ, ನಮ್ಮ ಚಲನೆಯನ್ನು ನಡೆಸುವ ಭಾಗದಲ್ಲಿ ಹೋಗಿ ಕೂರುತ್ತದೆ. ಅಲ್ಲಿ ಕೂತು ಕೋಶದ ಶಕ್ತಿ ಕೇಂದ್ರವನ್ನೇ ಕೆಡಿಸುತ್ತದೆ, ಫ್ರೀ ರಾಡಿಕಲ್‌ಗಳು ಕೈಮೀರುತ್ತವೆ. ನಾವು ಇಲಿಯ ಮಿದುಳಿನ ಕೋಶಗಳನ್ನು ಗಾಜಿನ ಬಟ್ಟಲಿನಲ್ಲಿ ಬೆಳೆಸಿ, ಒಂದು ದಿನ ಮುಂಚೆ ವಿಟಮಿನ್ ಇ ಕೊಟ್ಟು, ಆಮೇಲೆ ಮ್ಯಾಂಗನೀಸ್ ಹಾಕಿ ನೋಡುತ್ತಿದ್ದೆವು. ವಿಟಮಿನ್ ಸಿಕ್ಕ ಬಟ್ಟಲಿನಲ್ಲಿ ಕಡಿಮೆ ಕೋಶಗಳು ಸಾಯುತ್ತಿದ್ದವು. ಈ ದಾರಿಯಲ್ಲಿ ನಾವು ಮೊದಲಿಗರೇನೂ ಅಲ್ಲ. ಇನ್ನೂ ಎರಡು ಸಂಗತಿ ನಮಗೆ ಕಂಡಿದ್ದವು. ವಿಷ ಹಾಕಿದ ಮೇಲೆ ವಿಟಮಿನ್ ಕೊಟ್ಟರೆ ಹೆಚ್ಚಿನ ಲಾಭವಿಲ್ಲ. ದಿನಾ ದಿನಾ ವಿಷ ಹಾಕುತ್ತಾ ಹೋದರೆ ವಿಟಮಿನ್ ಕೂಡ ಕೈಚೆಲ್ಲುತ್ತದೆ. ಇವೆರಡನ್ನೂ ನಾವು ಪ್ರಬಂಧದ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ ಬರೆದಿದ್ದೆವು.

ಆ ವರ್ಷದ ಬೇಸಿಗೆಯಲ್ಲಿ ಒಂದು ಮರಾಠಿ ಪತ್ರಿಕೆಯ ಪುರವಣಿ ನಮ್ಮ ಕೆಲಸದ ಬಗ್ಗೆ ‘ಮಿದುಳಿಗೆ ಕವಚ’ ಎಂಬ ಅರ್ಥದ ತಲೆಬರಹ ಕೊಟ್ಟು ಬರೆಯಿತು. ಅದನ್ನು ಓದಿಕೊಂಡು ಜೂನ್ ತಿಂಗಳಲ್ಲಿ ಇನಾಮದಾರ ನನ್ನ ಪ್ರಯೋಗಾಲಯಕ್ಕೆ ಬಂದರು. ಕನ್ನಡಿಗರ ಯುಗಾದಿ ಊಟದಲ್ಲಿ ಪರಿಚಯವಾದವರು, ಮೂಲ ಅಥಣಿ ಕಡೆ. ಪುಣೆ ಹತ್ತಿರದ ರಾಂಜಣಗಾಂವ ಆಚೆಯ ಒಂದು ವೆಲ್ಡಿಂಗ್ ರಾಡ್ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದ ಮ್ಯಾನೇಜರ್. ವೆಲ್ಡಿಂಗ್ ರಾಡಿನ ಮೇಲಿನ ಲೇಪದಲ್ಲಿ ಮ್ಯಾಂಗನೀಸ್ ಪುಡಿ ಇರುತ್ತದೆ. ಅದನ್ನು ಬೆರೆಸುವ ಮಿಕ್ಸಿಂಗ್ ಸೆಕ್ಷನ್‌ನಲ್ಲಿ ಹನ್ನೆರಡು ಜನ, ಎಲ್ಲರೂ ಬಿಜಾಪುರ, ಗುಲಬರ್ಗಾ ಕಡೆಯವರು. ಅವರಿಗೆ ಕಂಪನಿ ದಿನಕ್ಕೊಂದು ವಿಟಮಿನ್ ಇ ಗುಳಿಗೆ ಕೊಡಲು ಹೊರಟಿದೆಯಂತೆ.

“ನಮ್ಮ ಕಡೀ ಮಂದಿ, ಗುಳಿಗಿ ಅಂದ್ರ ಅಂಜತಾರ್ರಿ ಮೇಡಂ,” ಎಂದರು. “ಮರಾಠಿ ನೋಟಿಸ್ ಹಚ್ಚಿದ್ರ ಓದೂದಿಲ್ಲ. ನೀವು ಮರಾಠಿಯಾಗೊಮ್ಮೆ, ಕನ್ನಡದಾಗೊಮ್ಮೆ ನಾಲ್ಕ ಸಾಲು ಬರದು ಸಹಿ ಹಾಕಿ ಕೊಡ್ರಿ.”

ಅವರ ಕೈಯಲ್ಲಿ ಪುಣೆಯ ಹೆಸರಾದ ಖಾರ ತಿಂಡಿ ಬಾಕರವಡಿಯ ಒಂದು ಪೊಟ್ಟಣ ಇತ್ತು. ಅದಕ್ಕೆ ಮರುಳಾದೆ ಅನ್ನಲಾರೆ. ಮರುಳಾದದ್ದು ಇನ್ನೊಂದಕ್ಕೆ. ಇಪ್ಪತ್ತೊಂದು ವರ್ಷ ಇಲಿ, ಗಾಜು, ಫ್ರಿಜ್ ಎಂದು ದುಡಿದವಳ ಬಳಿಗೆ ಮೊದಲ ಸಲ ಒಬ್ಬರು ಬಂದು ನಿಮ್ಮ ಕೆಲಸ ಮನುಷ್ಯರಿಗೆ ಬೇಕಾಗಿದೆ ಎಂದಿದ್ದರು. ಹಿಗ್ಗಿ ಹೋದೆ. ಸಂಸ್ಥೆಯ ಲೆಟರ್‌ಹೆಡ್ ತೆಗೆದೆ. ಕಾರ್ಖಾನೆಯಲ್ಲಿ ಧೂಳು ಎಷ್ಟು, ಅದನ್ನು ಹೀರುವ ಯಂತ್ರ ಇದೆಯೋ ಇಲ್ಲವೋ, ಮಾಸ್ಕ್ ಹಾಕುತ್ತಾರೋ ಇಲ್ಲವೋ, ಒಂದನ್ನೂ ಕೇಳಲಿಲ್ಲ. ಅದು ನನ್ನ ವಿಷಯವಲ್ಲ ಎಂದುಕೊಂಡಿದ್ದೆ.

ಇಂಗ್ಲಿಷ್ ಪ್ರಬಂಧದಲ್ಲಿ ನಾವು ಬರೆದದ್ದು ‘ಮೇ ಪ್ರೊಟೆಕ್ಟ್’ ಎಂದು. ಮರಾಠಿಯಲ್ಲಿ ಅದನ್ನು ‘ರಕ್ಷಣ ಕರೂ ಶಕತೇ’ ಎಂದು ಬರೆದೆ. ಸರಿಯಾಗಿಯೇ ಇತ್ತು. ಮರಾಠಿಯ ‘ಶಕತೇ’ ಹಿಗ್ಗಿಸಬಹುದಾದ ಮಾತು, ಆದೀತು ಎಂಬುದಕ್ಕೂ ಅದೇ, ತಾಕತ್ತಿದೆ ಎಂಬುದಕ್ಕೂ ಅದೇ. ಆಮೇಲೆ ಕನ್ನಡಕ್ಕೆ ಕೈಹಾಕಿದೆ. ಇಂಗ್ಲಿಷನ್ನು ನೋಡಲಿಲ್ಲ, ಎದುರಿಗಿದ್ದ ನನ್ನ ಮರಾಠಿಯನ್ನೇ ನೋಡಿ ಬರೆದೆ: ‘ವಿಟಮಿನ್ ಇ ಮಿದುಳಿನ ಕೋಶಗಳನ್ನು ಮ್ಯಾಂಗನೀಸ್ ವಿಷದಿಂದ ರಕ್ಷಿಸಬಲ್ಲದು.’

ಕನ್ನಡ ಈ ವಿಷಯದಲ್ಲಿ ಬಹಳ ಖಡಾಖಂಡಿತ ಭಾಷೆ. ‘ರಕ್ಷಿಸಬಹುದು’ ಎಂದರೆ ರಕ್ಷಿಸೀತು, ರಕ್ಷಿಸದೆಯೂ ಇದ್ದೀತು. ‘ರಕ್ಷಿಸಬಲ್ಲದು’ ಎಂದರೆ ಅದಕ್ಕೆ ಆ ಶಕ್ತಿ ಇದೆ, ಮಾತು ಮುಗಿಯಿತು. ಗದಗಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಆದರೆ ಹೊರಗೆಲ್ಲ ಮರಾಠಿಯಲ್ಲೇ ಬದುಕಿ ಬದುಕಿ ನನ್ನ ಕನ್ನಡ ಯಾವಾಗ ಮರಾಠಿಯ ನೆರಳಾಯಿತೋ ನನಗೇ ಗೊತ್ತಾಗಲಿಲ್ಲ. ಸಹಿ ಹಾಕಿದೆ, ಸೀಲು ಒತ್ತಿದೆ, ಬಾಕರವಡಿ ತಿಂದೆ.

ಒಂಬತ್ತು ತಿಂಗಳ ನಂತರ, ೨೦೦೨ರ ಮಾರ್ಚ್‌ನಲ್ಲಿ, ನನ್ನ ಗೆಳತಿ ಡಾಕ್ಟರ್ ಸುನಂದಾ ಫೋನ್ ಮಾಡಿದಳು. ಅವಳು ಪುಣೆಯ ಒಂದು ಆಸ್ಪತ್ರೆಯಲ್ಲಿ ನರರೋಗ ತಜ್ಞೆ. ಒಬ್ಬ ರೋಗಿ ಬಂದಿದ್ದಾನೆ, ಮರಾಠಿ ಅಷ್ಟಿಷ್ಟು ಬರುತ್ತದೆ, ಸ್ವಲ್ಪ ಆಳಕ್ಕಿಳಿದು ಕೇಳಿದರೆ ಕನ್ನಡಕ್ಕೆ ಹೊರಳುತ್ತಾನೆ, ಒಂದು ತಾಸು ಬಂದು ಹೋಗು ಎಂದಳು.

ಹೆಸರು ಸಿದ್ರಾಮ. ಇಂಡಿ ತಾಲೂಕಿನವನು, ಮೂವತ್ತಾರು ವರ್ಷ. ಜೊತೆಗೆ ಹೆಂಡತಿ ಗಂಗವ್ವ. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ, ಕಣ್ಣು ರೆಪ್ಪೆ ಬಡಿಯುವುದೇ ಅಪರೂಪ. ನಡೆಯುವಾಗ ಮೊಳಕೈ ಮಡಚಿ, ಹಿಮ್ಮಡಿ ಎತ್ತಿ ಹುಂಜದ ಹಾಗೆ ಕಾಲಿಡುತ್ತಿದ್ದ. ಸುನಂದಾ ಹಿಂದಕ್ಕೆ ನಡೆ ಎಂದಳು. ಎರಡು ಹೆಜ್ಜೆ ಇಟ್ಟವನು ಮರದ ಹಲಗೆಯಂತೆ ಹಿಂದಕ್ಕೆ ವಾಲಿದ, ಗಂಗವ್ವ ಹಿಡಿದುಕೊಂಡಳು. ಅವಳು ಮೊದಲೇ ಅಲ್ಲಿ ನಿಂತಿದ್ದನ್ನು ನೋಡಿದರೆ ಮನೆಯಲ್ಲಿ ಇದು ದಿನದ ಮಾತು ಎಂದು ತಿಳಿಯುತ್ತಿತ್ತು. ಹೆಸರು ಬರೆಯಲು ಹೇಳಿದೆವು. ‘ಸಿ’ ಜೋಳದ ಕಾಳಿನಷ್ಟು ಇತ್ತು, ‘ಮ’ ಸಾಸಿವೆಯಷ್ಟಾಗಿತ್ತು.

ಎಲ್ಲಿ ಕೆಲಸ ಎಂದು ಕೇಳಿದೆ. ವೆಲ್ಡಿಂಗ್ ರಾಡ್ ಕಂಪನಿ, ಮಿಕ್ಸಿಂಗ್ ಸೆಕ್ಷನ್, ಆರು ವರ್ಷ ಎಂದ. ಯಾವ ಕಂಪನಿ ಎಂದು ನಾನು ಮತ್ತೆ ಕೇಳಬೇಕಾಗಿರಲಿಲ್ಲ. ಮಾಸ್ಕ್ ಹಾಕುತ್ತಿರಲಿಲ್ಲವೇ ಎಂದು ಸುನಂದಾ ಮರಾಠಿಯಲ್ಲಿ ಕೇಳಿದಳು, ನಾನು ಕನ್ನಡದಲ್ಲಿ ಕೇಳಿದೆ.

“ಮದ್ಲ ಹಾಕ್ತಿದ್ವಿ ರೀ ಅಕ್ಕಾರ. ಒಳಗ ಭಾಳ ಸೆಕಿ, ಉಸುರು ಕಟ್ಟತದ. ಗುಳಿಗಿ ಬಂದ ಮ್ಯಾಲ ಬಿಟ್ವಿ. ಗುಳಿಗಿಗೆ ನಾವು ಒಳಗಿನ ಮಾಸ್ಕ್ ಅಂತೀವ್ರಿ.”

ಮಾತು ನಿಧಾನ, ದನಿಯಲ್ಲಿ ಏರಿಳಿತವಿಲ್ಲ. ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ, ಡಬಲ್ ಡ್ಯೂಟಿ ಇದ್ದ ದಿನ ಎರಡು ತೆಗೆದುಕೊಂಡಿದ್ದೇನೆ ಎಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು: ಎರಡು ಪಾಳಿಯ ಧೂಳಿಗೆ ಎರಡು ಗುಳಿಗೆ. ಧೂಳು ಹೀರುವ ಯಂತ್ರದ ಫಿಲ್ಟರ್ ಚೀಲಗಳು ಹರಿದು ಹೋಗಿ ಅದು ದೀಪಾವಳಿಯ ಮುಂಚೆಯೇ ನಿಂತಿತ್ತಂತೆ. ಯಾರೂ ಗಲಾಟೆ ಮಾಡಲಿಲ್ಲವೇ ಎಂದು ಕೇಳಿದೆ. ಯಾಕೆ ಮಾಡಬೇಕು, ರಕ್ಷಿಸಬಲ್ಲದು ಅಂತ ದೊಡ್ಡ ಡಾಕ್ಟರ್ ಮೇಡಂ ಸಹಿ ಹಾಕಿ ಬರೆದಿದ್ದಾರಲ್ಲ ಎಂದ. ನನ್ನ ವಾಕ್ಯವನ್ನು ಪೂರ್ತಿ, ಒಂದಕ್ಷರ ತಪ್ಪದೆ, ಬಾಯಿಪಾಠ ಹೇಳಿದ.

ಆ ದೊಡ್ಡ ಡಾಕ್ಟರ್ ಮೇಡಂ ನಾನೇ ಎಂದು ಆ ದಿನ ಹೇಳಲಿಲ್ಲ. ಅದು ಹೇಡಿತನ, ಬೇರೆ ಹೆಸರು ಅದಕ್ಕಿಲ್ಲ.

ಗಂಗವ್ವ ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು. ಕಂಪನಿಯ ವೈದ್ಯರು ಬರೆದದ್ದು. ಈ ಕಾರ್ಮಿಕನಿಗೆ ಇರುವುದು ವಂಶದಿಂದ ಬಂದ ಕಂಪವಾತ. ತಜ್ಞರ ಲಿಖಿತ ಸಲಹೆಯಂತೆ ರಕ್ಷಕ ವಿಟಮಿನ್ ನಿತ್ಯ ಕೊಡುತ್ತಿದ್ದುದರಿಂದ ಇದಕ್ಕೂ ಕೆಲಸಕ್ಕೂ ಸಂಬಂಧವಿಲ್ಲ. ಈತ ಕೆಲಸಕ್ಕೆ ಅನರ್ಹ. ಅವನ ವಂಶದಲ್ಲಿ ಯಾರಿಗೂ ಕೈ ನಡುಗಿದ್ದಿಲ್ಲ ಎಂದು ಗಂಗವ್ವ ಹೇಳಿದಳು. ಎಂಆರ್‌ಐ ಆಯಿತು. ಮಿದುಳಿನ ಆಳದಲ್ಲಿ ಎರಡೂ ಕಡೆ ಬೆಳ್ಳನೆ ಹೊಳಪು, ಮ್ಯಾಂಗನೀಸ್ ಕೂತ ಗುರುತು. ಸುನಂದಾಳಿಗೆ ಅನುಮಾನ ಉಳಿಯಲಿಲ್ಲ. ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಮ್ಯಾಂಗನೀಸ್ ವಿಷ ಇದೆ, ಅದು ಕೆಲಸದಿಂದ ಬಂದ ರೋಗ ಎಂದು ಒಪ್ಪಿದರೆ ಕಂಪನಿ ಅವನನ್ನು ಹೀಗೆ ಹೊರದಬ್ಬುವಂತಿಲ್ಲ. ಒಪ್ಪದ ಹಾಗೆ ಅಡ್ಡ ನಿಂತಿದ್ದದ್ದು ನನ್ನ ಒಂದು ಹಾಳೆ.

ಮರುದಿನ ಬೆಳಿಗ್ಗೆ ರಜೆ ಹಾಕಿ ಎಸ್‌ಟಿ ಬಸ್ಸು ಹಿಡಿದು ಕಾರ್ಖಾನೆಗೆ ಹೋದೆ. ಇನಾಮದಾರ ಚಹಾ ತರಿಸಿದರು. ನಾನು ಮುಟ್ಟಲಿಲ್ಲ. ಮೊದಲು ಸೆಕ್ಷನ್ ತೋರಿಸಿ ಎಂದೆ. ನನ್ನದೇ ವಾಕ್ಯ ನೋಡಲು ಬಂದಿದ್ದೇನೆ ಎಂದುಕೊಂಡರೋ ಏನೋ, ಹೆಮ್ಮೆಯಿಂದಲೇ ಕರೆದುಕೊಂಡು ಹೋದರು.

ಒಳಗೆ ಕಂದುಗಪ್ಪು ಪುಡಿ ತೊಲೆಯ ಮೇಲೆ, ಕಿಟಕಿಯ ಮೇಲೆ, ಜನರ ಹುಬ್ಬಿನ ಮೇಲೆ ಕೂತಿತ್ತು. ಹೀರುವ ಯಂತ್ರ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು, ಅದರ ಮೇಲೆ ಯಾರೋ ಊಟದ ಡಬ್ಬಿ ಇಟ್ಟಿದ್ದರು. ನೀರಿನ ನಲ್ಲಿಯ ಪಕ್ಕದ ಗೋಡೆಗೆ ನನ್ನ ಹಾಳೆ. ಮೇಲೆ ಪ್ಲಾಸ್ಟಿಕ್ ಹೊದಿಸಿ, ಚೌಕಟ್ಟು ಹಾಕಿ, ನಾಲ್ಕು ಸ್ಕ್ರೂ ಬಿಗಿದಿದ್ದರು. ನನ್ನ ಸಹಿಯ ಮೇಲೆ ಒಣಗಿದ ಕುಂಕುಮ, ಚೌಕಟ್ಟಿಗೆ ಬಾಡಿದ ಚೆಂಡು ಹೂವು. ಖಂಡೇನವಮಿಗೆ ಯಂತ್ರಗಳ ಜೊತೆ ಅದಕ್ಕೂ ಪೂಜೆ ಮಾಡಿದ್ದರು. ಆಯುಧ, ಯಂತ್ರ, ಕೆಲಸ ಕೊಡುವ ಯಾವುದೇ ವಸ್ತುವಿಗೆ ಆ ದಿನ ಕುಂಕುಮ ಹಚ್ಚುವುದು ನಮ್ಮವರ ಪದ್ಧತಿ. ಜೀವ ಕಾಯುವ ಕಾಗದ ಎಂದು ಹಚ್ಚಿದ್ದರು. ಅದನ್ನು ನೋಡಿ ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು, ಕಣ್ಣು ಕತ್ತಲಿಡುವಂಥ ಸಿಟ್ಟು.

ಇದನ್ನು ಈಗಲೇ ತೆಗೆಯಿರಿ, ಯಂತ್ರ ಯಾಕೆ ನಿಲ್ಲಿಸಿದಿರಿ ಎಂದು ಇನಾಮದಾರರನ್ನು ಕೇಳಿದೆ. ಚೀಲಗಳಿಗೆ ಆರ್ಡರ್ ಹೋಗಿದೆ, ಬರುವವರೆಗೆ ಗುಳಿಗೆ ಇದೆಯಲ್ಲ ಎಂದು ಅವರು ಸಮಾಧಾನ ಹೇಳಿದರು. ಗುಳಿಗೆ ಇರುವುದು ಧೂಳು ತಡೆದ ಮೇಲೆ ಅಲ್ಪಸ್ವಲ್ಪ ನೆರವಿಗೆ, ಅದೂ ಮನುಷ್ಯರಲ್ಲಿ ಯಾರೂ ಖಚಿತ ಮಾಡಿಲ್ಲ ಎಂದೆ. ಹಾಗೆ ಬರೆದಿಲ್ಲವಲ್ಲ ಎಂದರು. ನಾನು ಬರೆದ ಪದ ತಪ್ಪು, ‘ಬಹುದು’ ಎಂದಿರಬೇಕಿತ್ತು ಎಂದೆ. ಅವರ ಮುಖದ ನಗು ಅಲ್ಲಿಗೆ ಹೋಯಿತು.

“ಮೇಡಂ, ನನಗೂ ಕನ್ನಡ ಬರತದ,” ಎಂದರು. “ಬಲ್ಲದು ಅಂದ್ರ ಬಲ್ಲದು. ಕೆಳಗ ನಿಮ್ಮ ಸಹಿ ಅದ. ಅದನ್ನ ನಾ ತಗಿಯೂದಿಲ್ಲ.”

ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನ್ನ ಮೈ ಉರಿದದ್ದು. ತಪ್ಪು ಪದವನ್ನು ಕೊಟ್ಟವಳು ನಾನು, ನಿಜ. ಆದರೆ ಯಂತ್ರ ನಿಂತದ್ದು ಗೊತ್ತಿದ್ದೂ, ಪುಡಿ ಹಾರುವುದು ಕಣ್ಣಿಗೆ ಕಂಡೂ, ಅದೇ ಪದವನ್ನು ಕೊಡೆಯ ಹಾಗೆ ಹಿಡಿದುಕೊಂಡು ನಿಂತವರು ಅವರು. ಭಾಷೆ ಬಲ್ಲವರೇ ಭಾಷೆಯಿಂದ ಹೀಗೆ ಮಾಡಿದರೆ ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಸೆಕ್ಷನ್‌ನವರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಯಾರಾದರೂ ಸ್ಕ್ರೂಡ್ರೈವರ್ ಕೊಡಿ ಎಂದೆ. ಇನಾಮದಾರ ಬೇಡ ಎಂದು ಕೈ ಮಾಡಿದರು. ಹಿರಿಯನಂತೆ ಕಾಣುತ್ತಿದ್ದ ಒಬ್ಬ ಜೇಬಿನಿಂದ ತೆಗೆದು ನನ್ನ ಕೈಗಿಟ್ಟ. ನಾಲ್ಕೂ ಸ್ಕ್ರೂ ಬಿಚ್ಚಿದೆ. ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಕಡೆ ತಿರುಗಿದೆ.

“ಇದನ್ನ ಬರದಾಕಿ ನಾನ,” ಎಂದೆ. “ತಪ್ಪು ಬರದೀನಿ. ಗುಳಿಗಿ ಮಾಸ್ಕ್ ಅಲ್ಲ. ಸಿದ್ರಾಮಗ ಆಗಿದ್ದು ಈ ಧೂಳಿನಿಂದನ. ಮಷೀನ್ ಚಾಲೂ ಆಗೂ ತನಕ ಇಲ್ಲಿ ನಿಲ್ಲಬ್ಯಾಡ್ರಿ.”

ಸ್ಕ್ರೂಡ್ರೈವರ್ ಕೊಟ್ಟವನು ಮೊದಲು ಹೊರಗೆ ನಡೆದ. ಉಳಿದ ಹತ್ತು ಜನ ಅವನ ಹಿಂದೆ ಹೋದರು. ಆರ್ಡರ್ ಹೋಗಿದೆ, ಬರಬೇಕು ಎಂದು ಐದು ತಿಂಗಳು ಹೇಳಿದ ಫಿಲ್ಟರ್ ಚೀಲಗಳು ಎರಡೇ ದಿನದಲ್ಲಿ ಬಂದವು, ಯಂತ್ರ ಓಡಿತು. ಎರಡು ದಿನದ ಕೆಲಸ. ಅದನ್ನು ನೆನೆದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ಇನಾಮದಾರ ನನ್ನ ನಿರ್ದೇಶಕರಿಗೆ ಫೋನ್ ಮಾಡಿದ್ದರು. ಸಂಸ್ಥೆಗೆ ಮರಳಿದಾಗ ನಿರ್ದೇಶಕರು ಬಾಗಿಲು ಹಾಕಿಸಿ ಕೂರಿಸಿದರು. ಲೆಟರ್‌ಹೆಡ್ ಬಳಸಿದ್ದು ಒಂದು ತಪ್ಪು, ಅದನ್ನು ತಪ್ಪೆಂದು ಬರೆದು ಕೊಡುವುದು ಇನ್ನೂ ದೊಡ್ಡ ತಪ್ಪು, ಸುಮ್ಮನಿದ್ದರೆ ಎಲ್ಲ ಮರೆಯುತ್ತಾರೆ ಎಂದರು. ಸಂಸ್ಥೆಯ ಮಾನದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಸಿದ್ರಾಮನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ. ಎದ್ದು ಬಂದು ಸಾದಾ ಕಾಗದದ ಮೇಲೆ ಎರಡು ಪುಟ ಬರೆದೆ: ನಮ್ಮ ಪ್ರಯೋಗ ಏನು ತೋರಿಸಿತು, ಏನು ತೋರಿಸಲಿಲ್ಲ, ಕನ್ನಡ ನೋಟಿಸಿನಲ್ಲಿ ಯಾವ ಪದ ತಪ್ಪು, ಆ ಪದ ಹೇಗೆ ಬಂತು. ಒಂದು ಪ್ರತಿ ಕಾರ್ಖಾನೆ ಇನ್ಸ್‌ಪೆಕ್ಟರಿಗೆ, ಒಂದು ಸುನಂದಾಳಿಗೆ, ಒಂದು ಗಂಗವ್ವನ ಕೈಗೆ. ನನಗೆ ಮೆಮೊ ಬಂತು, ಮೂರು ವರ್ಷ ಬಡ್ತಿ ನಿಂತಿತು. ಅದು ನ್ಯಾಯವೇ ಎಂದು ನಾನು ಯಾರನ್ನೂ ಕೇಳಲಿಲ್ಲ.

ಆಗಸ್ಟ್‌ನಲ್ಲಿ ಸಿದ್ರಾಮನ ವಿಷಯ ವೈದ್ಯಕೀಯ ಮಂಡಳಿಯ ಮುಂದೆ ಬಂತು. ಮೂವರು ವೈದ್ಯರು. ಕಂಪನಿಯವರು ನೋಟಿಸಿನ ಫೋಟೊ ಇಟ್ಟರು, ನಾನು ನನ್ನ ಎರಡು ಪುಟ ಇಟ್ಟೆ. ನೀವು ಬಲ್ಲದು ಎಂದು ಬರೆದಾಗ ನಿಮಗೆ ಖಚಿತವಿತ್ತೇ ಎಂದು ಅಧ್ಯಕ್ಷರು ಕೇಳಿದರು. ಬಟ್ಟಲಿನೊಳಗಿನ ಕೋಶದ ಬಗ್ಗೆ ಖಚಿತವಿತ್ತು, ಈ ಮನುಷ್ಯನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಎಂದೆ. ಕೆಲಸದಿಂದ ಬಂದ ರೋಗವೇ ಎಂದು ಮಂಡಳಿ ಬರೆದುಕೊಟ್ಟಿತು. ಕಂಪನಿ ಅವನನ್ನು ತೆಗೆಯಲಾಗದೆ ಗೇಟಿನ ಬಳಿ ಕೂತು ಮಾಡುವ ಕೆಲಸ ಕೊಟ್ಟಿತು. ಉಳಿದ ಹನ್ನೊಂದು ಜನರಲ್ಲಿ ಇಬ್ಬರಿಗೆ ರೋಗದ ಮೊದಲ ಲಕ್ಷಣ ಕಂಡು ಅವರನ್ನೂ ಆ ಸೆಕ್ಷನ್ನಿನಿಂದ ಬೇರೆ ಕೆಲಸಕ್ಕೆ ಹಾಕಿದರು. ಇನಾಮದಾರ ಬೇರೆ ಕಂಪನಿಗೆ ಹೋದರು, ಇನ್ನೂ ದೊಡ್ಡ ಹುದ್ದೆಗೆ.

೨೦೦೩ರ ಜನವರಿಯಲ್ಲಿ ಸುನಂದಾ ಮತ್ತೆ ಎಂಆರ್‌ಐ ಮಾಡಿಸಿದಳು. ಬಿಳಿ ಹೊಳಪು ಹೆಚ್ಚುಕಡಿಮೆ ಮಾಯವಾಗಿತ್ತು. ಧೂಳು ಬಿಟ್ಟರೆ ಲೋಹ ನಿಧಾನಕ್ಕೆ ಇಳಿದುಹೋಗುತ್ತದೆ, ಅದು ಸತ್ತ ಕೋಶಗಳನ್ನು ವಾಪಸು ಕೊಟ್ಟು ಹೋಗುವುದಿಲ್ಲ. ಫೋಟೊ ಸ್ವಚ್ಛ, ಮನುಷ್ಯ ಹಾಗೇ. ಕಂಪವಾತದ ಮಾತ್ರೆಗಳು ಇಂಥವರಿಗೆ ಹೆಚ್ಚು ಹಿಡಿಯುವುದಿಲ್ಲ, ಇವನಿಗೂ ಹಿಡಿಯಲಿಲ್ಲ. ಈಗ ಯಾವ ಔಷಧಿ ಅಂಗಡಿಗೆ ಹೋದರೂ ಆಂಟಿಆಕ್ಸಿಡೆಂಟ್ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ, ಮಿದುಳಿನ ಚಿತ್ರ ಹಾಕಿ, ರಕ್ಷಣೆ ಎಂದು ಬರೆದು. ಆ ವಿಜ್ಞಾನ ಸುಳ್ಳಲ್ಲ, ಅದಕ್ಕೆ ನನ್ನ ಜೀವಮಾನವನ್ನೇ ಕೊಟ್ಟಿದ್ದೇನೆ. ಆದರೆ ಬಟ್ಟಲಿನಿಂದ ಮನುಷ್ಯನವರೆಗೆ ಇರುವ ದಾರಿಯನ್ನು ಒಂದೇ ಪದದಲ್ಲಿ ದಾಟಿಬಿಡುವವರನ್ನು ಕಂಡರೆ ನನಗೆ ಕಿರುಚಬೇಕೆನಿಸುತ್ತದೆ. ವಿಷದಿಂದ ಮಿದುಳನ್ನು ಕಾಯುವ ಮೊದಲ ಕೆಲಸ ವಿಷವನ್ನು ಮೂಗಿನಿಂದ ದೂರ ಇಡುವುದು. ಉಳಿದದ್ದೆಲ್ಲ ಅದರ ನಂತರ.

ನನ್ನ ವೃತ್ತಿ ನನಗೆ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ ಆ ಜನವರಿಯ ಮಧ್ಯಾಹ್ನವನ್ನೇ ಹೇಳುತ್ತೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಸಿದ್ರಾಮನ ಪಕ್ಕದಲ್ಲಿ ಕೂತು, ನೋಟಿಸು ಬರೆದವಳು ನಾನೇ ಎಂದು ಕೊನೆಗೂ ಅವನ ಮುಖ ನೋಡಿ ಹೇಳಿದೆ. ಗೆಳೆಯರು ಆಗಲೇ ಹೇಳಿದ್ದಾರೆ ಎಂದ. ಬೈಯಲಿಲ್ಲ. ಒಂದು ಪ್ರಶ್ನೆ ಕೇಳಿದ.

“ಗುಳಿಗಿ ಮುಂದ ತಗೊಳ್ಲೇನ್ರಿ ಅಕ್ಕಾರ? ಏನರ ಉಪಯೋಗ ಆಗತದೇನ್ರಿ?”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ವಿಷಯದ ಬಗ್ಗೆ ಒಬ್ಬ ಮನುಷ್ಯನ ಎದುರು ನಾನು ಹಿಂದೆಂದೂ ಆಡದಿದ್ದ ಮಾತು ಅಂದು ಆಡಿದೆ.

“ನನಗ ಗೊತ್ತಿಲ್ಲ, ಸಿದ್ರಾಮ.”

ಅವನ ಮುಖ ಅಲ್ಲಾಡಲಿಲ್ಲ, ಅಲ್ಲಾಡುವ ಮುಖ ಅದಾಗಿ ಉಳಿದಿರಲಿಲ್ಲ.

“ಇಷ್ಟನ್ನ ಅವತ್ತ ನೀವು ಬರದು ಕೊಟ್ಟಿದ್ರ,” ಎಂದ, “ನಾವು ಮಾಸ್ಕ್ ತಗೀತಿದ್ದಿಲ್ರಿ.”